ದೀಪಾವಳಿಯ ಸೀರಿಯಲ್ ಲೈಟ್ ಸೆಟ್ ಕಟ್ಟುವಾಗ ಏಣಿ ಎಳೆದು ಬೀಳಿಸಿದ ಬಗ್ಗೆ

ಶಿವರುದ್ರಮ್ಮ ಕೋಂ ಷಡಕ್ಷರಿ, 54 ವರ್ಷ, ಅಂಗನವಾಡಿ ಕಾರ್ಯಕರ್ತೆ, ವಾಸ: ಮೂರನೇ ಅಡ್ಡರಸ್ತೆ, ಮರಳೂರು, ತುಮಕೂರು ನಗರ.

ದಿನಾಂಕ 20-10-2025 ರಂದು ಬೆಳಿಗ್ಗೆ 10-15 ಗಂಟೆಗೆ ನಾನು ಖುದ್ದು ಠಾಣೆಗೆ ಬಂದು ಹೇಳಿ ಬರೆಸಿದ್ದು ಏನೆಂದರೆ:

ನಾನು ಮೇಲ್ಕಂಡ ವಿಳಾಸದ ಸ್ವಂತ ಮನೆಯಲ್ಲಿ ಗಂಡ ಷಡಕ್ಷರಿ ಮತ್ತು ಮಗಳು ಭೂಮಿಕಾಳೊಂದಿಗೆ ವಾಸವಾಗಿರುತ್ತೇನೆ. ನನ್ನ ಗಂಡ ಗುಬ್ಬಿಯ ಒಂದು ರಸಗೊಬ್ಬರದ ಅಂಗಡಿಯಲ್ಲಿ ಕೆಲಸ ಮಾಡುತ್ತಾರೆ. ಭೂಮಿಕಾ ನಮಗೆ ಒಬ್ಬಳೇ ಮಗಳು, ವಯಸ್ಸು 26. ಆಕೆಯನ್ನು 2023ನೇ ಸಾಲಿನಲ್ಲಿ ಹುಲಿಯೂರುದುರ್ಗದ ಬಸವಪ್ರಭುರವರ ಮಗ ಕಿರಣ್‌ಕುಮಾರ್‌ಗೆ ಕೊಟ್ಟು ಯಡಿಯೂರಿನಲ್ಲಿ ಮದುವೆ ಮಾಡಿರುತ್ತೇವೆ. ಕಿರಣ್‌ಕುಮಾರ್ ತನ್ನ ಊರಿನಲ್ಲೇ ಮೊಬೈಲ್ ಅಂಗಡಿ ಇಟ್ಟುಕೊಂಡಿರುತ್ತಾನೆ.

ಈ ವರ್ಷ ಜುಲೈ ತಿಂಗಳಲ್ಲಿ ಒಂದು ದಿನ ಬೆಳಿಗ್ಗೆ ಭೂಮಿಕಾ ಕುಣಿಗಲ್ ಕಡೆಯ ಬಸ್ಸಿನಲ್ಲಿ ಒಬ್ಬಳೇ ಬಂದಳು. ಕೈಯಲ್ಲಿ ಒಂದು ಪ್ಲಾಸ್ಟಿಕ್ ಕವರ್ ಬಿಟ್ಟರೆ ಬೇರೇನೂ ಇರಲಿಲ್ಲ. ಕಿರಣ್‌ಕುಮಾರ್ ಕೆನ್ನೆಗೆ ಹೊಡೆದ ಮೇಲೆ ಎಡಗಿವಿ ಕೇಳಿಸುತ್ತಿಲ್ಲ, ಇನ್ನು ಆ ಮನೆಗೆ ಹೋಗುವುದಿಲ್ಲ ಎಂದು ಹೇಳಿದಳು. ಕಿವಿಯ ಡಾಕ್ಟರಿಗೆ ತೋರಿಸಿದಾಗ ಕಿವಿಯ ತಮಟೆ ಹರಿದಿದೆ ಎಂದು ತಿಳಿಸಿದರು. ಭೂಮಿಕಾ ಬೇಡವೆಂದಿದ್ದರಿಂದ ಆಗ ದೂರು ಕೊಟ್ಟಿರುವುದಿಲ್ಲ.

ಅಂದಿನಿಂದ ಭೂಮಿಕಾ ಮನೆಯ ಮುಂದಿನ ಬಾಗಿಲಿಗೆ ಬರುತ್ತಿರಲಿಲ್ಲ. ಬಟ್ಟೆಯನ್ನು ಹಿತ್ತಲಲ್ಲೇ ಒಣಗಿಸುತ್ತಿದ್ದಳು. ಸಂಜೆ ನಾನು ಮುಂದಿನ ಲೈಟ್ ಹಾಕಿದರೆ ಹಿಂದೆಯೇ ಬಂದು ಆಫ್ ಮಾಡುತ್ತಿದ್ದಳು. ಬೀದಿಯವರು ಮಗಳು ಬಂದು ಬಹಳ ದಿನ ಆಯಿತಲ್ಲ, ಏನಾದರೂ ವಿಶೇಷವೇ ಎಂದು ನನ್ನನ್ನು ಕೇಳುತ್ತಿದ್ದರು. ಗೌರಿ ಹಬ್ಬ, ದಸರಾ ಎರಡೂ ಹೀಗೆಯೇ ಕಳೆದವು.

ದೀಪಾವಳಿ ಹತ್ತಿರ ಬಂದಾಗ ನನ್ನ ಗಂಡ ಈ ಸಲ ಹಬ್ಬ ಒಳಗೊಳಗೇ ಮುಗಿಸೋಣ, ಮಗಳು ಹಿಂಗೆ ಬಂದು ಕೂತಿರುವಾಗ ಮನೆಗೆ ಲೈಟ್ ಹಾಕಿಸಿದರೆ ನೆಂಟರು ಏನಂದ್ಕೊಂತಾರೆ ಎಂದರು. ಅದಕ್ಕೆ ನಾನು, ಮನೇಲಿ ಯಾರೂ ಸತ್ತಿಲ್ಲ, ಮಗಳು ಜೀವ ಉಳಿಸ್ಕೊಂಡು ಬಂದವ್ಳೆ, ಹೋದ ವರ್ಷ ಹಾಕಿದ್ದಕ್ಕಿಂತ ಈ ವರ್ಷ ಜಾಸ್ತಿ ಹಾಕ್ತೀನಿ ಎಂದೆನು. ಮಾರನೆಯ ದಿನ ಅವರು ಗುಬ್ಬಿಯಿಂದ ಬರುವಾಗ ವೈರಿಗೆ ಸುತ್ತುವ ಒಂದು ಇನ್ಸುಲೇಷನ್ ಟೇಪ್ ತಂದು ಫ್ರಿಜ್ ಮೇಲೆ ಇಟ್ಟರು. ನಾನು ಮಂಡಿಪೇಟೆಗೆ ಹೋಗಿ ಹಳದಿ ಬಣ್ಣದ ನಾಲ್ಕು ಸೀರಿಯಲ್ ಸೆಟ್ ತಂದೆನು.

ದಿನಾಂಕ 19-10-2025 ಭಾನುವಾರ, ನೀರು ತುಂಬುವ ಹಬ್ಬದ ದಿನ. ನನ್ನ ಗಂಡ ಲಕ್ಷ್ಮೀಪೂಜೆಗೆ ಅಂಗಡಿ ತೊಳೆಯುವ ಕೆಲಸವಿದೆಯೆಂದು ಗುಬ್ಬಿಗೆ ಹೋಗಿದ್ದರು. ಎದುರು ಮನೆಯ ಆಟೋ ಚಾಲಕ ರವೀಶ್‌ರವರಿಂದ ಏಣಿ ಕೇಳಿ ತಂದು ಸಂಜೆ ಸುಮಾರು 4-30 ಗಂಟೆಗೆ ಕೆಲಸ ಶುರು ಮಾಡಿದೆನು. ಭೂಮಿಕಾ ಒಳಗಿನಿಂದಲೇ ಕಿಟಕಿಯ ಮೂಲಕ ವೈರ್ ಎಳೆದು ಪ್ಲಗ್ ಸಿದ್ಧ ಮಾಡುತ್ತಿದ್ದಳು. ಎರಡು ಸೆಟ್ ಕಟ್ಟಿ ಮುಗಿದು, ಮೂರನೆಯದನ್ನು ಗೋಡೆಯಿಂದ ಚಾಚಿದ ಸಜ್ಜೆಯ ಮೊಳೆಗೆ ಸುತ್ತುತ್ತಿದ್ದಾಗ, ಸುಮಾರು 5-20 ಗಂಟೆಗೆ ಒಂದು ಬಿಳಿ ಕಾರು ಗೇಟಿನ ಮುಂದೆ ನಿಂತು ಅದರಿಂದ ಕಿರಣ್‌ಕುಮಾರ್ ಇಳಿದನು. ಜೊತೆಯಲ್ಲಿ ಬೇರೆ ಯಾರೂ ಇರಲಿಲ್ಲ.

ಆತನು ಗೇಟ್ ತೆಗೆದು ಒಳಗೆ ಬಂದು, ಹಬ್ಬಕ್ಕೆ ಕರ್ಕೊಂಡು ಹೋಗೋಕೆ ಬಂದಿದೀನಿ, ಹೊರಡೋಕೆ ಹೇಳಿ ಎಂದನು. ನಾನು ಏಣಿಯ ಮೇಲಿಂದಲೇ, ಅವಳು ಬರೋದಿಲ್ಲ ಅಂತ ಫೋನಲ್ಲೇ ಹೇಳವ್ಳಲ್ಲ ಎಂದೆನು. ಆತನು ಲೈಟುಗಳ ಕಡೆ ನೋಡಿ, ಗಂಡನ್ನ ಬಿಟ್ಟು ಬಂದವಳನ್ನ ಮನೇಲಿ ಇಟ್ಕೊಂಡು ಬೀದಿಗೆಲ್ಲ ಏನು ತೋರಿಸ್ತಿದೀರ ಎಂದು ಕೇಳಿದನು. ಮಗಳು ಮನೇಲಿದಾಳೆ ಅಂತ ತೋರಿಸ್ತಿದೀನಿ ಎಂದು ನಾನು ಹೇಳಿ ಮತ್ತೆ ಮೊಳೆಗೆ ವೈರ್ ಸುತ್ತತೊಡಗಿದೆನು.

ಆಗ ಆತನು ಕಟ್ಟಿದ್ದ ಮೊದಲನೇ ಸೆಟ್ಟನ್ನು ಕೆಳಗಿನಿಂದ ಜಗ್ಗಿ ಕಿತ್ತು, ಬಲ್ಬುಗಳನ್ನು ಚಪ್ಪಲಿ ಕಾಲಿನಲ್ಲಿ ತುಳಿದನು. ಏಣಿಯ ಹತ್ತಿರ ಬರಬೇಡ ಎಂದು ನಾನು ಹೇಳಿದೆನು. ಆತನು ಏಣಿಯ ಕಾಲನ್ನು ಎರಡೂ ಕೈಯಲ್ಲಿ ಹಿಡಿದು ತನ್ನ ಕಡೆಗೆ ಎಳೆದನು. ನಾನು ಸುಮಾರು ಎಂಟು ಅಡಿ ಎತ್ತರದಿಂದ ಚಪ್ಪಡಿ ಕಲ್ಲಿನ ಮೇಲೆ ಬಿದ್ದೆನು. ಬಲಗೈ ಮೈ ಕೆಳಗೆ ಸಿಕ್ಕಿತು.

ಸದ್ದು ಕೇಳಿ ಭೂಮಿಕಾ ಮುಂದಿನ ಬಾಗಿಲು ತೆಗೆದು ಬರಿಗಾಲಲ್ಲಿ ಓಡಿ ಬಂದು ನನ್ನನ್ನು ಎಬ್ಬಿಸಿ ಬಾಗಿಲ ಮೆಟ್ಟಿಲ ಮೇಲೆ ಕೂರಿಸಿದಳು. ಕಿರಣ್‌ಕುಮಾರ್ ಆಕೆಯ ತೋಳು ಹಿಡಿದು ಏನೋ ಮೆಲ್ಲಗೆ ಹೇಳಿದನು. ಅಷ್ಟರಲ್ಲಿ ರವೀಶ್‌ರವರೂ ಅಕ್ಕಪಕ್ಕದವರೂ ಗೇಟಿನ ಬಳಿ ಬಂದಿದ್ದರು. ಭೂಮಿಕಾ ಅವರ ಕಡೆ ತಿರುಗಿ, ರವೀಶಣ್ಣ, ಇವನು ಏನು ಹೇಳ್ತವ್ನೆ ನೀವೂ ಬಂದು ಕೇಳಿಸ್ಕೊಳ್ಳಿ, ಇವನು ಹೊಡೆದ ಮೇಲೆ ನನಗೆ ಈ ಕಡೆ ಕಿವಿ ಕೇಳಿಸಲ್ಲ ಎಂದು ಎಲ್ಲರಿಗೂ ಕೇಳುವಂತೆ ಹೇಳಿದಳು. ಈ ವಿಷಯ ಅಲ್ಲಿಯವರೆಗೆ ಬೀದಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮೆಲ್ಲಗೆ ಯಾಕಪ್ಪ, ಜೋರಾಗೇ ಹೇಳು ಎಂದು ರವೀಶ್‌ರವರು ಒಳಗೆ ಬಂದರು. ಕಿರಣ್‌ಕುಮಾರ್ ತೋಳು ಬಿಟ್ಟು ಕಾರು ಹತ್ತಿ ಹೊರಟು ಹೋದನು.

ರವೀಶ್‌ರವರು ಆಟೋ ತಂದು, ಅಕ್ಕ, ಕೈ ಊದ್ಕೊಂಡೈತೆ, ಹತ್ತಿ ಎಂದರು. ನಾನು ಹತ್ತಲಿಲ್ಲ. ಉಳಿದಿರುವುದನ್ನು ಕಟ್ಟಿ ಆಮೇಲೆ ಹೋಗೋಣ ಎಂದೆನು. ಅವರು ಬೇಡವೆಂದು ಹೇಳುತ್ತಿರುವಾಗಲೇ ಭೂಮಿಕಾ ಏಣಿಯನ್ನು ಎತ್ತಿ ಗೋಡೆಗೆ ಆನಿಸಿ ಹತ್ತಿದಳು. ರವೀಶ್‌ರವರು ಏಣಿಯ ಕಾಲು ಹಿಡಿದುಕೊಂಡರು. ಒಡೆಯದೆ ಉಳಿದಿದ್ದ ಮೂರು ಸೆಟ್ಟುಗಳನ್ನು ಆಕೆ ಗೇಟಿನವರೆಗೂ ಕಟ್ಟಿ ಸ್ವಿಚ್ ಹಾಕಿದಳು. ನಾನು ನೋಡಿದ ಮೇಲೆ ಮೂವರೂ ಜಿಲ್ಲಾ ಆಸ್ಪತ್ರೆಗೆ ಹೋದೆವು. ಮಣಿಕಟ್ಟಿನ ಹತ್ತಿರ ಎರಡು ಮೂಳೆ ಮುರಿದಿವೆ ಎಂದು ಡಾಕ್ಟರು ಎಕ್ಸ್‌ರೇ ನೋಡಿ ಹೇಳಿ ಪ್ಲಾಸ್ಟರ್ ಹಾಕಿದರು.

ವಿಷಯ ತಿಳಿದು ನನ್ನ ಗಂಡ ಗುಬ್ಬಿಯಿಂದ ನೇರವಾಗಿ ಆಸ್ಪತ್ರೆಗೆ ಬಂದರು. ಸ್ವಲ್ಪ ಹೊತ್ತಿಗೆ ಕಿರಣ್‌ಕುಮಾರ್‌ನ ತಂದೆ ಬಸವಪ್ರಭುರವರೂ ಬಂದರು. ಅವರು ನನ್ನ ಗಂಡನಿಗೆ, ಬೀಗರೇ, ಹಬ್ಬದ ಹೊತ್ತಲ್ಲಿ ಸ್ಟೇಷನ್ ಮೆಟ್ಟಿಲು ಹತ್ತೋದು ಬೇಡ, ಏಣಿ ಜಾರಿ ಬಿದ್ದರು ಅಂತ ಬರೆಸಿಬಿಡಿ, ಹುಡುಗನಿಗೆ ನಾನು ಬುದ್ಧಿ ಹೇಳ್ತೀನಿ ಎಂದು ಕೈ ಹಿಡಿದು ಕೇಳಿಕೊಂಡರು. ನಾನು ಮಾತಾಡಲು ಬಾಯಿ ತೆರೆಯುವಷ್ಟರಲ್ಲಿ ನನ್ನ ಗಂಡ ಕೈ ಬಿಡಿಸಿಕೊಂಡು, ಎಳೆದು ಬೀಳಿಸಿದ್ದು ಅಂತ ಡಾಕ್ಟರ ಹತ್ತಿರ ಆಗಲೇ ಬರೆಸಿ ಆಯ್ತು, ನೀವು ಹೋಗಿ ಬನ್ನಿ ಎಂದರು. ನಮ್ಮ ಮದುವೆಯಾಗಿ ಇಷ್ಟು ವರ್ಷದಲ್ಲಿ ನನ್ನ ಗಂಡ ಬೀಗರು, ಹಿರಿಯರು ಯಾರಿಗೂ ಎದುರು ಮಾತಾಡಿದ್ದನ್ನು ನಾನು ಕಂಡಿರುವುದಿಲ್ಲ.

ಚಿಕಿತ್ಸೆ ಪಡೆಯುತ್ತಿದ್ದ ಕಾರಣ ತಡವಾಗಿ ಈ ದಿನ ಬಂದಿರುತ್ತೇನೆ. ನನ್ನನ್ನು ಏಣಿಯಿಂದ ಬೀಳಿಸಿ ಮೂಳೆ ಮುರಿಯುವಂತೆ ಮಾಡಿದ ಕಿರಣ್‌ಕುಮಾರ್‌ನ ಮೇಲೆ ಕಾನೂನು ಕ್ರಮ ಆಗಬೇಕು. ರಾಜಿಗೆ ನಾನು ಒಪ್ಪುವುದಿಲ್ಲ, ಯಾರು ಬಂದು ಕೇಳಿದರೂ ಒಪ್ಪುವುದಿಲ್ಲ. ಜುಲೈ ತಿಂಗಳಲ್ಲಿ ಕಿವಿಗೆ ಆದ ಗಾಯದ ಬಗ್ಗೆ ಭೂಮಿಕಾ ತನ್ನ ಹೇಳಿಕೆಯನ್ನು ತಾನೇ ಬೇರೆಯಾಗಿ ಕೊಡುತ್ತಾಳೆ. ಆಕೆ ಹೊರಗೆ ಬೆಂಚಿನ ಮೇಲೆ ಕುಳಿತಿರುತ್ತಾಳೆ.

ಬರೆದದ್ದನ್ನು ನನಗೆ ಓದಿ ಹೇಳಿದ್ದಾರೆ. ನಾನು ಕಂಡದ್ದು, ನನಗೆ ಆದದ್ದು ಇಷ್ಟೇ. ಇದರಲ್ಲಿ ಸೇರಿಸಿದ್ದೂ ಇಲ್ಲ, ಬಿಟ್ಟದ್ದೂ ಇಲ್ಲ. ಬಲಗೈಗೆ ಪ್ಲಾಸ್ಟರ್ ಇರುವುದರಿಂದ ಹೆಬ್ಬೆಟ್ಟು ಒತ್ತಿದರೆ ಸಾಕು ಎಂದು ತಿಳಿಸಿದರು. ನನಗೆ ಬರೆಯಲು ಬರುವುದರಿಂದ ಪೆನ್ನು ಕೇಳಿ ಪಡೆದು ಎಡಗೈಯಲ್ಲಿ ಸಹಿ ಮಾಡಿರುತ್ತೇನೆ. ಅಕ್ಷರ ಸೊಟ್ಟಗಿದ್ದರೂ ಸಹಿ ನನ್ನದೇ.

ಸ್ಥಳ: ತುಮಕೂರು
ದಿನಾಂಕ: 20-10-2025

(ಸಹಿ) ಶಿವರುದ್ರಮ್ಮ