ಆರತಿ ತಟ್ಟೆ ಹಿಡಿದ ಕೈ

ನಾನು ಪುಷ್ಪಮ್ಮ ಕೋಂ ದಿವಂಗತ ಕುಮಾರ, ವಯಸ್ಸು 44 ವರ್ಷ, ಶಾಲೆಯಲ್ಲಿ ಬಿಸಿಯೂಟದ ಅಡುಗೆ ಕೆಲಸ, ವಾಸ ಮೇಲಿನಕೊಪ್ಪ ಗ್ರಾಮ, ರಿಪ್ಪನ್‌ಪೇಟೆ ಅಂಚೆ, ಹೊಸನಗರ ತಾಲ್ಲೂಕು. ಠಾಣೆಗೆ ಖುದ್ದು ಬಂದು ಹೇಳಿ ಬರೆಸುವುದೇನೆಂದರೆ, ನನ್ನ ಮಗಳು ಸ್ವಪ್ನಾಳನ್ನು ಆಸ್ಪತ್ರೆಗೆ ಕರೆದೊಯ್ಯಲು ನನ್ನ ಗಂಡನ ಅಣ್ಣ ಭೂತಪ್ಪ ಬಿಡುತ್ತಿಲ್ಲ.

ನನ್ನ ಮಗ ಗೌತಮ್ ರಿಪ್ಪನ್‌ಪೇಟೆಯ ಗ್ಯಾರೇಜೊಂದರಲ್ಲಿ ಕೆಲಸಕ್ಕಿದ್ದನು. ಮೆತ್ತಗಿನ ಹುಡುಗ. ಹೋದ ವರ್ಷ ಬೇಸಿಗೆಯಲ್ಲಿ ಕಾರಣವಿಲ್ಲದೆ ಸಿಡುಕಲು, ಒಬ್ಬನೇ ನಗಲು ಶುರುಮಾಡಿದನು. ಗಿರಾಕಿಯ ಮೇಲೆ ಸ್ಪ್ಯಾನರ್ ಎಸೆದು ಕೆಲಸ ಕಳೆದುಕೊಂಡನು. ಸಾಗರದಲ್ಲಿ ಮನೋವೈದ್ಯರಿಗೆ ತೋರಿಸಿದೆನು. ಮಾತ್ರೆ ನುಂಗಿದ ಮೇಲೆ ಮೈ ಬಿಗಿಯಾಗಿ, ಮಾತು ತೊದಲತೊಡಗಿತು.

ನವರಾತ್ರಿಯಲ್ಲಿ ಚೌಡಮ್ಮನ ಬನದಲ್ಲಿ ಆರತಿ ತಟ್ಟೆಯನ್ನು ಮುಂದೆ ಚಾಚಿ ಹಿಡಿದಾಗ ಅವನ ಎರಡೂ ಕೈಗಳು ಹಕ್ಕಿ ರೆಕ್ಕೆ ಬಡಿದ ಹಾಗೆ ನಡುಗಿದವು. ಭೂತಪ್ಪ ಭಾವನವರು "ತಾಯಿ ಬಂದ್ಲು!" ಎಂದು ಕೂಗಿ ಅಡ್ಡಬಿದ್ದರು. ಅಂದಿನಿಂದ ಮಂಗಳವಾರ, ಶುಕ್ರವಾರ ಜನ ಕಾಯಿ ಹಿಡಿದು ಬಂದು ಕಳೆದುಹೋದ ದನ, ಕೂಡಿಬರದ ಮದುವೆಯ ಬಗ್ಗೆ ಕೇಳತೊಡಗಿದರು. ಅವನ ತೊದಲನ್ನೇ ದೇವಿಯ ಅಪ್ಪಣೆ ಎಂದರು. "ಅವ್ವಾ, ಯಾವ ದೇವ್ರೂ ಬಂದಿಲ್ಲ, ಕೈ ನನ್ ಮಾತು ಕೇಳ್ತಿಲ್ಲ ಅಷ್ಟೆ" ಎಂದು ನನ್ನ ಮಗ ಅತ್ತಿದ್ದಾನೆ. ಅದೊಂದು ಮಾತ್ರ ಯಾರಿಗೂ ಅಪ್ಪಣೆಯಾಗಿ ಕೇಳಲಿಲ್ಲ.

ಜನವರಿಯಲ್ಲಿ ನಮ್ಮ ಶಾಲೆಯ ಕಣ್ಣಿನ ಶಿಬಿರಕ್ಕೆ ಬಂದ ಡಾಕ್ಟರು ಅವನ ಕಣ್ಣಿನ ಕರಿಗುಡ್ಡೆಯ ಸುತ್ತ ಕಂದು ಬಳೆ ಕಂಡು ಶಿವಮೊಗ್ಗಕ್ಕೆ ಕಳಿಸಿದರು. ಇದು ವಿಲ್ಸನ್ ಕಾಯಿಲೆ, ಲಿವರಿನಲ್ಲೂ ಮಿದುಳಿನಲ್ಲೂ ತಾಮ್ರ ಕಟ್ಟಿಕೊಂಡಿದೆ, ಬೇಗ ಬಂದಿದ್ದರೆ ಮಾತ್ರೆಯಲ್ಲೇ ಬದುಕುತ್ತಿದ್ದ, ಒಡಹುಟ್ಟಿದವರನ್ನೂ ಪರೀಕ್ಷಿಸಬೇಕು ಎಂದು ಅಲ್ಲಿ ತಿಳಿಸಿದರು. ದಿನಾಂಕ 02-02-2025ರಂದು ಗೌತಮ್ ಆಸ್ಪತ್ರೆಯಲ್ಲೇ ತೀರಿಕೊಂಡನು. ಅವನ ಸಾವಿನಲ್ಲಿ ನನಗೆ ಯಾರ ಮೇಲೂ ಅನುಮಾನವಿಲ್ಲ. ಹೆತ್ತ ಹೊಟ್ಟೆ ಮಾತ್ರ ಉರಿಯುತ್ತಿದೆ.

ನಿನ್ನೆ ಹನ್ನೊಂದನೇ ದಿನದ ಕಾರ್ಯದಲ್ಲಿ ಅಣ್ಣನಿಗೆ ಎಡೆ ಇಡಲು ಬಾಳೆಲೆ ಹಿಡಿದ ಸ್ವಪ್ನಾಳ ಕೈಗಳೂ ಹಾಗೆಯೇ ನಡುಗಿದವು. "ತಾಯಿ ನಮ್ಮನೆ ಬಿಟ್ ಹೋಗ್ಲಿಲ್ಲ ಕಣೇ ಪುಷ್ಪಾ, ಇವ್ಳ ಮೈಗೆ ಸೂಜಿ ಮುಟ್ಟಿಸ್ಬ್ಯಾಡ" ಎಂದು ಭಾವನವರು ಅಳುತ್ತ ಬಾಗಿಲಿಗೆ ಅಡ್ಡ ನಿಂತರು. ಅವರು ಕೆಟ್ಟವರಲ್ಲ. ಗೌತಮನನ್ನು ಎತ್ತಿ ಆಡಿಸಿದವರು. ಅವರಿಗೆ ಶಿಕ್ಷೆ ಬೇಡ. ಇಂದು ಬೆಳಿಗ್ಗೆ ಹಿತ್ತಲ ದಾರಿಯಿಂದ ಮಗಳನ್ನು ಕರೆದುಕೊಂಡು ಬಂದಿದ್ದೇನೆ. ನಾವು ಶಿವಮೊಗ್ಗದ ಬಸ್ ಹತ್ತುವವರೆಗೆ ಅವರನ್ನು ತಡೆದು ನಿಲ್ಲಿಸಿಕೊಡಬೇಕಾಗಿ ಕೋರುತ್ತೇನೆ. ನನಗೆ ದೇವಿ ಬೇಡ, ಮಗಳು ಬೇಕು.

ಇಷ್ಟೂ ನಾನೇ ಹೇಳಿ ಬರೆಸಿದ್ದು. ಓದಿಸಿ ಕೇಳಿದ್ದೇನೆ, ಸತ್ಯವಿದೆ.

ಸ್ಥಳ: ರಿಪ್ಪನ್‌ಪೇಟೆ
ದಿನಾಂಕ: 13-02-2025
ಸಹಿ: ಪುಷ್ಪಮ್ಮ

ಸಾಕ್ಷಿ: ಸ್ವಪ್ನಾ, 18 ವರ್ಷ, ದ್ವಿತೀಯ ಪಿಯುಸಿ ವಿದ್ಯಾರ್ಥಿನಿ. ಪೆನ್ನು ಹಿಡಿದ ಕೈ ನಿಲ್ಲದ ಕಾರಣ ಹೆಬ್ಬೆಟ್ಟಿನ ಗುರುತು ಪಡೆಯಲಾಗಿದೆ.