ಬಾಗಿಲ ಕಂಬದ ಹತ್ತು ಗೀಟು

…ಗಾಡಿಯ ಆ ಬಾಗಿಲು ಬೇಡ ಅಕ್ಕ, ಈ ಕಡೆಯಿಂದ ಬಾ. ಅದರ ಹಿಡಿ ಸ್ವಲ್ಪ ಬಿಗಿ. ಎಣ್ಣೆ ಬಿಡಬೇಕು ಅಂತಿದ್ದೆ, ಮರೆತೆ. ಎಳೀಬೇಡ, ಎಳೀಬೇಡ. ಇದು ರಿಪೇರಿ ಆಗಲಿ ಅಂತ ನಾಲ್ಕು ವರ್ಷ ಕಾದವಳು ಇನ್ನು ನಾಲ್ಕು ನಿಮಿಷ ಕಾಯೋಕಾಗಲ್ವಾ? ಓಮಾಹಾದಿಂದ ಇನ್ನೂರೈವತ್ತು ಮೈಲಿ ಕಾರು ಓಡಿಸ್ಕೊಂಡು ಬಂದಿದ್ದೀಯ. ಮುಂದಿನಿಂದ ನೋಡೋದು ಬಿಟ್ಟು ಪಕ್ಕದಿಂದ ಶುರು ಮಾಡ್ತಾರಾ ಯಾರಾದ್ರೂ?

ಹಾಂ, ಇಲ್ಲಿ ನಿಲ್ಲು. ಈಗ ಹೇಳು, ಅಪ್ಪನ ಪಿಕಪ್ ಹೌದೋ ಅಲ್ವೋ?

ಅದೇ ಹಸಿರು. ಟ್ರಾಕ್ಟರಿಗೆ ಬಳಿಯೋ ಬಣ್ಣ ಅಕ್ಕ, ಗೋಡೆಗೆ ಬಳಿಯೋ ರೋಲರಿನಲ್ಲಿ ಬಳಿದದ್ದು. ಆರು ಸಲ ಬಳಿದೆ, ಆರು ಸಲ ಉಜ್ಜಿದೆ. ಹತ್ತು ಹೆಜ್ಜೆ ದೂರದಿಂದ ನೋಡಿದ್ರೆ ಕನ್ನಡಿ… ಹತ್ತಿರ ಯಾಕೆ ಹೋದೆ? ಹತ್ತು ಹೆಜ್ಜೆ ಅಂದೆ ತಾನೆ.

ಎಲ್ಲಾ ಮನೆಯಲ್ಲೇ ಮಾಡಿದ್ದು. ಬಾನೆಟ್ ಒಳಗೆ ಎಂಜಿನ್ ಮೇಲಿನ ಚಿಕ್ಕ ಮುಚ್ಚಳ ನೋಡು, ಹೇಗೆ ಹೊಳೀತಿದೆ. ಟ್ವೈಲಾ ಅವಳ ತಂಗಿ ಮನೆಗೆ ಹೋದ ದಿನ ಬಣ್ಣ ಹಚ್ಚಿ ಅಡುಗೆಮನೆ ಓವನ್ನಿನಲ್ಲಿ ಇಟ್ಟೆ. ಇನ್ನೂರು ಡಿಗ್ರಿ, ಒಂದು ಗಂಟೆ, ಕೇಕ್ ಬೇಯಿಸಿದ ಹಾಗೆ. ಹೆಂಡತಿಗೆ ಗೊತ್ತೇ ಆಗ್ತಿರಲಿಲ್ಲ. ಥ್ಯಾಂಕ್ಸ್‌ಗಿವಿಂಗ್ ಹಬ್ಬದ ದಿನ ಟರ್ಕಿ ಕೋಳಿಯಲ್ಲಿ ಬಣ್ಣದಂಗಡಿ ವಾಸನೆ ಬಂತು ನೋಡು, ಆಗ ಸಿಕ್ಕಿಬಿದ್ದೆ. ನೀನೂ ತಿಂದಿದ್ದೆ. ‘ಟ್ವೈಲಾ, ಇದೇನು ಹೊಸ ಮಸಾಲೆ’ ಅಂತ ಕೇಳಿದ್ದೆ… ಯಾಕೆ ನಗ್ತೀಯ? ಅವತ್ತು ಸಂಜೆಯೇ ನನ್ನ ಹಾಸಿಗೆ ಈ ಗ್ಯಾರೇಜಿಗೆ ಬಂತು.

ತುಕ್ಕು ತೆಗೆಯೋಕೆ ಕಾಕಂಬಿ. ದನಕ್ಕೆ ಹಾಕ್ತಾರಲ್ಲ, ಅದೇ. ಮೊಮ್ಮಗಳ ಪ್ಲಾಸ್ಟಿಕ್ ಈಜುತೊಟ್ಟಿಯಲ್ಲಿ ನೀರಿನ ಜೊತೆ ಕಲಸಿ, ಬೋಲ್ಟು, ಕೀಲು, ಬಂಪರು ಎಲ್ಲ ಮೂರು ವಾರ ನೆನೆಹಾಕಿದೆ. ತುಕ್ಕೆಲ್ಲ ಹೋಯ್ತು. ಇಡೀ ಜಿಲ್ಲೆಯ ನೊಣ ಬಂತು. ಮೊಮ್ಮಗಳು ಇನ್ನೂ ಆ ತೊಟ್ಟಿಗೆ ಇಳಿದಿಲ್ಲ.

ಎಂಜಿನ್ನಾ? ಅದು ಅಪ್ಪಂದಲ್ಲ, ನಿನ್ನ ಹತ್ರ ಮುಚ್ಚುಮರೆ ಯಾಕೆ. ಬಿಡಿಭಾಗಕ್ಕೆ ಅಂತ ಇನ್ನೊಂದು ಪಿಕಪ್ ತಂದಿದ್ದೆ. ಅದೇ ಐವತ್ತನಾಲ್ಕರ ಮಾಡೆಲ್ಲು, ನೀಲಿ ಬಣ್ಣ. ಯಾರದ್ದೋ ಹೊಲದಲ್ಲಿ ನಿಂತಿತ್ತು, ಒಳಗೆ ಕೋಳಿ ಸಾಕಿದ್ರು. ಎಂಜಿನ್ ಅದರದ್ದು. ಗೇರು ಅದರದ್ದು. ಹಿಂದೆ ಸಾಮಾನು ಹಾಕೋ ತೊಟ್ಟಿ ಅದರದ್ದು. ಬಾಗಿಲೂ… ಒಂದು. ಸರಿ, ಎರಡೂ. ಆದ್ರೆ ಕ್ಯಾಬಿನ್ ಅಪ್ಪಂದೇ ಅಕ್ಕ. ನಾನು, ನೀನು, ಅಪ್ಪ, ನಾಯಿ, ನಾಲ್ಕೂ ಜನ ಒತ್ತಿಕೊಂಡು ಕೂತಿದ್ದು ಇದರೊಳಗೇ.

ಏನದು? ಡ್ಯಾಶ್‌ಬೋರ್ಡಿನ ಗೂಡಲ್ಲಿ ನೀಲಿ ಕಾಣ್ತಿದೆಯಾ… ಹಸಿರಿನ ಕೆಳಗೆ ನೀಲಿ ಇದ್ರೆ ಹಸಿರು ಎದ್ದು ಕಾಣುತ್ತೆ. ಹೌದು, ಬಣ್ಣದಂಗಡಿಯವನೇ ಹೇಳಿದ್ದು. ಪುಕ್ಕವಾ? ಎಲ್ಲಿ? ಕೋಳಿದು ಅಂತ ಹೇಗೆ ಹೇಳ್ತೀಯ? ಗಾಳಿಗೆ ಬಂದಿರುತ್ತೆ. ನೆಬ್ರಾಸ್ಕಾದಲ್ಲಿ ಗಾಳಿಗೆ ಏನು ತಾನೆ ಬರಲ್ಲ.

ಗೀಟು. ಕೇಳ್ತೀಯ ಅಂತ ಗೊತ್ತಿತ್ತು.

ಮರೀತೀನಾ ನಾನು? ಪ್ರತಿ ವರ್ಷ ಗೋಧಿ ಕಟಾವು ಮುಗಿದ ದಿನ ಅಪ್ಪ ನಿನ್ನನ್ನ ಬರಿಗಾಲಲ್ಲಿ ಪಿಕಪ್ ಕ್ಯಾಬಿನ್ನಿನ ಬಾಗಿಲ ಕಂಬಕ್ಕೆ ಆನಿಸಿ ನಿಲ್ಲಿಸ್ತಿದ್ದ, ನೆತ್ತಿಗೆ ಸರಿಯಾಗಿ ಮೊಳೆಯಲ್ಲಿ ಒಂದು ಗೀಟು ಎಳೀತಿದ್ದ. ಐದನೇ ವರ್ಷದಿಂದ ಹದಿನಾಲ್ಕನೇ ವರ್ಷದ ತನಕ. ಹತ್ತು ಗೀಟು. ಅಪ್ಪನನ್ನ ಮಣ್ಣು ಮಾಡಿ ಬಂದ ದಿನ ನೀನು ಅಂಗಳದಲ್ಲಿ ನಿಂತು ಹೇಳಿದ ಮಾತು ಕಿವಿಯಲ್ಲೇ ಇದೆ. ‘ಡೆಲ್ವಿನ್, ಏನು ಬೇಕಾದ್ರೂ ಬದಲಾಯಿಸು. ಆ ಗೀಟು ಹೋದ್ರೆ ನಿನ್ನ ಮನೆ ಮೆಟ್ಟಿಲು ತುಳಿಯಲ್ಲ.’ ನೀನು ಅಂದಿದ್ದನ್ನ ಮಾಡೋಳು. ಚಿಕ್ಕಮ್ಮನ ಮನೆಗೆ ಕಾಲಿಡದೆ ಹದಿನೇಳು ವರ್ಷ ಆಯ್ತು, ಆಲೂಗಡ್ಡೆ ಸಲಾಡಿನ ವಿಷಯಕ್ಕೆ. ಅವಳಿಗೆ ಐದು ಮಕ್ಕಳಿದ್ದಾರೆ, ನಡೆಯುತ್ತೆ. ನನಗೆ ಅಕ್ಕ ಅಂತ ಇರೋಳು ನೀನೊಬ್ಬಳು.

ಸರಿ, ಆ ಬಾಗಿಲು ತೆಗಿ. ತೆಗೆಯೋಕೆ ಬರುತ್ತೆ. ಬಿಗಿ ಅಂದಿದ್ದು… ಈಗ ಸಡಿಲ ಆಗಿರಬಹುದು.

ನೋಡಿದ್ಯಾ? ಇಡೀ ಗಾಡಿಗೆ ಬಣ್ಣ ಬಳಿದೆ, ಆ ನಾಲ್ಕು ಬೆರಳಗಲದ ಪಟ್ಟಿ ಮಾತ್ರ ಬಿಟ್ಟೆ. ಮೇಲೆ ಬರೀ ವಾರ್ನಿಷ್. ಎಣಿಸು ಬೇಕಾದ್ರೆ. ಹತ್ತು. ಎಷ್ಟು ನೀಟಾಗಿದೆ, ಒಂದಕ್ಕೊಂದು ಎರಡೇ ಇಂಚು… ಹೌದು, ಅಪ್ಪನ ಕೈ ನಡುಗ್ತಿತ್ತು. ಗೀಟು ಎಳೆಯುವಾಗ ನಡುಗ್ತಿರಲಿಲ್ಲ ಅನ್ಸುತ್ತೆ. ಸಾಕು ನೋಡಿದ್ದು, ಬಾ, ಗಾಡಿ ಹತ್ತು, ಒಂದು ಸುತ್ತು ಹೋಗಿ ಬರೋಣ. ಟ್ವೈಲಾ ಪೈ ಮಾಡಿಟ್ಟಿದ್ದಾಳೆ, ಹೊಸ ಓವನ್ನಿನಲ್ಲಿ.

ಬೂಟು ಯಾಕೆ ಬಿಚ್ತಿದ್ದೀಯ? ಕಾಂಕ್ರೀಟು ತಣ್ಣಗಿದೆ ಅಕ್ಕ, ಮೊನ್ನೆ ತಾನೆ ಜ್ವರ ಅಂದಿದ್ದೆ. ಕಂಬಕ್ಕೆ ಆನಬೇಡ, ವಾರ್ನಿಷ್ ಇನ್ನೂ… ಆನೇಬಿಟ್ಟೆ.

ನೋಡ್ತಿದ್ದೀನಿ. ಹೌದು, ಸರಿಯಾಗಿ ನೋಡ್ತಿದ್ದೀನಿ. ಮೇಲಿನ ಗೀಟು ನಿನ್ನ ತಲೆಗಿಂತ… ಆರಿಂಚು ಮೇಲಿದೆ.

ಅದಕ್ಕೆ ಕಾರಣ ಇದೆ. ಟೈರು ಸ್ವಲ್ಪ ದೊಡ್ಡದು ಹಾಕಿದ್ದೀನಿ, ಗಾಡಿ ಎದ್ದಿದೆ. ಅಲ್ಲಿಗೆ ಒಂದಿಂಚು. ಸ್ಪ್ರಿಂಗು ಹೊಸದು, ಇನ್ನೂ ಕುಗ್ಗಿಲ್ಲ, ಒಂದೂವರೆ. ಆಮೇಲೆ ವಯಸ್ಸು. ತಪ್ಪು ತಿಳೀಬೇಡ, ಅರವತ್ತನಾಲ್ಕಕ್ಕೆ ಎಲ್ಲರೂ ಕುಗ್ತಾರೆ, ಎರಡಿಂಚು ಇಟ್ಕೋ. ನಾಲ್ಕೂವರೆ ಆಯ್ತಲ್ಲ. ಇನ್ನೊಂದೂವರೆ… ಕೂದಲು. ಆ ಕಾಲದಲ್ಲಿ ನೀನು ಕೂದಲು ಮೇಲಕ್ಕೆತ್ತಿ ಕಟ್ತಿದ್ದೆ.

ಕಟ್ತಿರಲಿಲ್ವಾ?

ಏನಾದ್ರೂ ಅನ್ನು. ಹೀಗೆ ನೋಡಬೇಡ. ಮೂವತ್ತೊಂದು ವರ್ಷ ಆರನೇ ಕ್ಲಾಸಿನ ಮಕ್ಕಳ ಮುಂದೆ ಹೀಗೇ ಸುಮ್ಮನೆ ನಿಂತು ಬಾಯಿ ಬಿಡಿಸ್ತಿದ್ದೆಯಂತೆ, ನೀನೇ ಹೇಳಿದ್ದೆ. ನನಗೆ ಅರವತ್ತು ಅಕ್ಕ. ನನ್ನ ಹತ್ರ ಅದೆಲ್ಲ ನಡೆಯಲ್ಲ.

…

ಕ್ಯಾಬಿನ್ ಅಪ್ಪಂದಲ್ಲ.

ಬೇಕು ಅಂತ ಮಾಡಿದ್ದಲ್ಲ. ಸರಪಳಿ ಹಾಕಿ ಮೇಲೆತ್ತಿದೆ, ನೆನೆದ ಬಿಸ್ಕತ್ತಿನ ಹಾಗೆ ನಡುವೆ ಮಡಚಿಕೊಂಡಿತು. ತಳ ಇರಲಿಲ್ಲ, ಛಾವಣಿಗೆ ನನ್ನ ಬೆರಳು ತೂರ್ತಿತ್ತು. ಗುಜರಿಯವನಿಗೆ ಹಾಕಿ ಬಂದೆ. ಸಿಳ್ಳೆ ಹಾಕ್ಕೊಂಡು ಬಂದೆ. ಕೈ ತೊಳೆದೆ, ಕಾಫಿ ಬಗ್ಗಿಸ್ಕೊಂಡೆ, ಅರ್ಧ ಲೋಟ ಕುಡಿದೆ… ಆಗ ನೆನಪಾಯ್ತು.

ಇಪ್ಪತ್ತು ಮೈಲಿ ವಾಪಸ್ ಓಡಿಸಿದೆ. ಅಷ್ಟು ಹೊತ್ತಿಗೆ ಅದನ್ನ ಯಂತ್ರಕ್ಕೆ ಹಾಕಿ ಒತ್ತಿಬಿಟ್ಟಿದ್ರು. ಒಂದು ಹಸಿರು ಚೌಕ, ಟ್ರಂಕಿನಷ್ಟು. ಅದನ್ನ ಮೂರು ಸುತ್ತು ಸುತ್ತಿದೆ, ಯಾವ ಮೂಲೆಯಲ್ಲಿ ನೀನಿದ್ದೀಯ ಅಂತ. ಗುಜರಿಯವನು ‘ಏನು ಬಿಟ್ಟು ಹೋಗಿದ್ದೆ’ ಅಂದ. ಏನಂತ ಹೇಳಲಿ? ಅಕ್ಕನ್ನ ಅಂತ ಹೇಳಲಾ?

ಕೋಳಿ ಪುಕ್ಕ ನಿಜ. ನೀಲಿ ನಿಜ. ಗೀಟು ನಾನೇ ಎಳೆದದ್ದು. ಆ ಪಟ್ಟಿಯ ನೀಲಿ ಕೆರೆದು ತೆಗೆದು, ಅಳತೆಪಟ್ಟಿ ಇಟ್ಟು ಎಳೆದು, ಹಳೇದಾಗಿ ಕಾಣಲಿ ಅಂತ ಮೂರು ದಿನ ಉಪ್ಪು, ವಿನೆಗರ್ ಸವರಿದೆ. ಕೆಳಗಿನವು ಸುಲಭ ಆಯ್ತು. ಕೊನೇದು ಎಲ್ಲಿತ್ತು ಅಂತ ಎರಡು ದಿನ ಇಲ್ಲೇ ಸ್ಟೂಲಿನ ಮೇಲೆ ಕೂತು ಯೋಚಿಸಿದೆ. ನಿನಗೆ ಹದಿನಾಲ್ಕು ಆದಾಗ ನನಗೆ ಹತ್ತು. ನಿನ್ನ ಮುಖ ನೋಡೋಕೆ ಕತ್ತು ಎತ್ತಬೇಕಿತ್ತು, ಅಷ್ಟೇ ನೆನಪಿಗೆ ಬಂದದ್ದು. ಅಷ್ಟೆತ್ತರಕ್ಕೆ ಹಾಕಿದೆ. ನೀನು ಅಷ್ಟು ಕುಳ್ಳಿ ಇದ್ದೆ ಅಂತ ನನಗೇನು ಗೊತ್ತು?

ಬಯ್ಯಿ ಅಕ್ಕ. ಬಯ್ದು ಮುಗಿಸು. ಕಾರಿನ ಕಡೆ ಮಾತ್ರ ಹೋಗಬೇಡ.

ಏನು ಹುಡುಕ್ತಿದ್ದೀಯ ಒಳಗೆ? ಮೊಳೆಯಾ… ಸಿಗರೇಟಿನ ಬೂದಿ ಡಬ್ಬಿಯಲ್ಲಿದೆ. ಅದೂ ಅಪ್ಪಂದಲ್ಲ, ಈಗಲೇ ಹೇಳಿಬಿಡ್ತೀನಿ. ಕೆರೆದು ಹಾಕ್ತೀಯಾ? ಕೆರೆ. ನಾನೇ ಕೆರೆದು ಕೊಡ್ತೀನಿ ಬೇಕಾದ್ರೆ.

ಏನು? ಕಂಬಕ್ಕೆ ನಾನು ನಿಲ್ಲಬೇಕಾ?

ನನ್ನದು ಯಾಕೆ? ಅಪ್ಪ ನನ್ನದು ಒಂದೂ ಎಳೀಲಿಲ್ಲ, ಗೊತ್ತಲ್ಲ. ‘ಗಂಡುಹುಡುಗ, ತಾನೇ ಬೆಳೀತಾನೆ’ ಅಂತಿದ್ದ… ಬಿಚ್ತೀನಿ, ಬಿಚ್ತೀನಿ, ಬೂಟು ಎಳೀಬೇಡ, ಬೀಳ್ತೀನಿ. ನಿಂತೆ. ಹಿಮ್ಮಡಿ ತಾಗಿಸಿದೀನಿ. ತಲೆ ನೇರ ಇದೆ. ಎಳಿ.

ಎಳಿ ಅಕ್ಕ, ಯಾಕೆ ನಿಲ್ಲಿಸಿದೆ? ನಾನೂ ಮೇಲಿನ ಗೀಟಿಗೆ ಮುಟ್ಟಿಲ್ವಾ?

ಮಂಡಿ ಮಡಚಿಲ್ಲ. ನಾನು ಇರೋದೇ ಇಷ್ಟು.