ದುಂಡು ಮೂಲೆಯ ಟ್ಯಾಬು

"ಏಳನೇ ಕ್ಲಾಸಿಗೇ ಶಾಲೆಗೆ ಶರಣು ಹೊಡೆದವನಿಗೆ ಕೆಲಸ ಕೊಟ್ಟೆನಲ್ಲ, ನನ್ನ ಚಪ್ಪಲೀಲಿ ನಾನೇ ಹೊಡ್ಕೋಬೇಕು!"

ಆಸ್ಪತ್ರೆಯ ಹಜಾರದಲ್ಲಿ ಕೂತವರೆಲ್ಲ ತಲೆಯೆತ್ತಿದರು. ಕೂಗಿದವನು ಆ ಆಸ್ಪತ್ರೆಗೆ ವೆಬ್‌ಸೈಟ್ ಮಾಡಿಕೊಟ್ಟ ಧಣಿ. ಆಡಳಿತದವರ ಕೈಲಿ ಚೆನ್ನಾಗಿ ಉಗಿಸಿಕೊಂಡು ಆಗಷ್ಟೇ ಹೊರಬಂದಿದ್ದ. ಬೈಸಿಕೊಂಡವನು ಅವನ ಕೈಕೆಳಗಿನ ಕೆಲಸಗಾರ, ಒಬ್ಬ ಯುವಕ.

ಬಾಗಿಲ ಕಾವಲುಗಾರನಿಗೆ ಈ ಯುವಕನ ಮುಖ ಬೆಳಿಗ್ಗೆಯೇ ಪರಿಚಯವಾಗಿತ್ತು. ಪ್ರಜ್ಞೆ ತಪ್ಪಿದ ತಾಯಿಯನ್ನು ತಂಗಿ ಆಟೋದಲ್ಲಿ ತಂದ ಮೇಲೆ ಇವನು ಏದುಸಿರು ಬಿಡುತ್ತ ಓಡಿಬಂದಿದ್ದ. "ಮೊಬೈಲಲ್ಲಿ ಎಷ್ಟು ಹುಡುಕಿದ್ರೂ ಈ ಆಸ್ಪತ್ರೆ ಆಂಬುಲೆನ್ಸ್ ನಂಬರ್ ಸಿಗಲಿಲ್ಲ ಕಣೋ ಅಣ್ಣ," ಎಂದು ಅವಳು ಅತ್ತದ್ದನ್ನೂ ಕಾವಲುಗಾರ ಕೇಳಿದ್ದ.

"ನನಗಿಂತ ಮೊದಲೇ ಬಂದು ಆಸ್ಪತ್ರೆಯವರ ಕಾಲು ಹಿಡಿಯೋಕೆ ಕೂತಿದ್ದೀಯಾ?" ಧಣಿ ಮತ್ತೆ ಕೂಗಿದ. " ವೆಬ್‌ಸೈಟಿನ ಟ್ಯಾಬುಗಳ ಮೂಲೆ ದುಂಡಗೆ ಮಾಡು ಅಂದ್ರೆ ಆಂಬುಲೆನ್ಸ್ ನಂಬರಿದ್ದ ತುರ್ತು ಸೇವೆಯ ಟ್ಯಾಬನ್ನೇ ನುಂಗಿಬಿಟ್ಟಿದ್ದೀಯಲ್ಲೋ!"

"ಟ್ಯಾಬುಗಳ ಪಟ್ಟಿಯ ಅಂಚು ದಾಟಿದ್ದೆಲ್ಲ ಕಾಣದ ಹಾಗೆ ಮಾಡಿ ದುಂಡಗೆ ಮಾಡಿದೆ ಸಾರ್. ಕಂಪ್ಯೂಟರಲ್ಲಿ ಸರಿಯಾಗಿತ್ತು."

"ಮೊಬೈಲಲ್ಲಿ?"

"ಅದರ ಪರದೆ ಚಿಕ್ಕದು, ಕೊನೇ ಟ್ಯಾಬು ಅಂಚಿಂದಾಚೆ ಹೋಯ್ತು. ಹಾಕೋ ಮುಂಚೆ ಮೊಬೈಲಲ್ಲೂ ನೋಡ್ತೀನಿ ಅಂದೆ. ಚಂದ ಕಂಡ್ರೆ ಸಾಕು, ಹಾಕು ಅಂದ್ರಿ ನೀವು."

"ಬಾಯಿ ಮುಚ್ಚು! ಒಳಗೆ ಯಾರೋ ಹೆಂಗಸು ಸಾಯೋ ಹಾಗಿದ್ದಾಳಂತೆ. ಮಗಳು ನಂಬರಿಗೆ ಪರದಾಡಿದ್ಲಂತೆ."

ಯುವಕ ಐಸಿಯು ಕಡೆ ತಿರುಗಿದ.

"ನಾಳೆ ಆ ಹೆಂಗಸಿನ ಮಗ ಬಂದು ಕೊರಳಪಟ್ಟಿ ಹಿಡಿದ್ರೆ ಏನು ಹೇಳ್ತೀಯೋ?"

ಐಸಿಯು ಬಾಗಿಲು ತೆರೆದು ನರ್ಸಮ್ಮ ಮೆಲ್ಲಗೆ ಕೇಳಿದಳು: "ಆಟೋದಲ್ಲಿ ಬಂದ ಅಮ್ಮನ ಮಗ ಯಾರಪ್ಪ?"

"ಏಯ್, ನಿನ್ನನ್ನೇ ಕಣೋ ಕೇಳ್ತಿರೋದು!" ನರ್ಸಮ್ಮನ ಕಡೆ ನೋಡದೆಯೇ ಧಣಿ ಗದರಿದ.

ಯುವಕ ಆ ಬಾಗಿಲ ಕಡೆ ನಡೆದ.